ಸಂಜೆ ಆರರ ಲೆಕ್ಕ

1990ರ ದಶಕದ ಕೊನೆಯಲ್ಲಿ ನಾನು ವಿದ್ಯುತ್ ನಿಯಂತ್ರಣ ಕೊಠಡಿಗೆ ಪಾಳಿ ಎಂಜಿನಿಯರಾಗಿ ಸೇರಿದಾಗ ಹಿರಿಯರು ಮೊದಲು ತೋರಿಸಿದ್ದು ಗೋಡೆಯ ಮೇಲಿನ ಫ್ರೀಕ್ವೆನ್ಸಿ ಮೀಟರನ್ನು. ಬೇಡಿಕೆ ಉತ್ಪಾದನೆಯನ್ನು ಮೀರಿದಾಗ ಕುಸಿಯುವ ಅಂಕಿ ಅದು; ಐವತ್ತು ಹರ್ಟ್ಸ್ ಇರಬೇಕಾದದ್ದು ಸಂಜೆಯಾಗುತ್ತಲೇ ನಲವತ್ತೆಂಟೂವರೆಯ ಆಸುಪಾಸಿಗೆ ಜಾರುತ್ತಿತ್ತು. ಫೋನೆತ್ತಿ ಒಂದೊಂದೇ ಸಬ್‌ಸ್ಟೇಷನ್‌ಗೆ ‘ಇಂಥ ಫೀಡರ್ ತೆಗೆಯಿರಿ’, ಅಂದರೆ ಊರುಗಳಿಗೆ ಹೋಗುವ ಆ ಮಾರ್ಗದ ವಿದ್ಯುತ್ ಕಡಿಯಿರಿ, ಎಂದು ಹೇಳುವುದೇ ಆಗಿನ ನಮ್ಮ ಮುಖ್ಯ ಕೆಲಸವಾಗಿತ್ತು. ಆ ಪಟ್ಟಿಯಲ್ಲಿ ನನ್ನ ಹುಟ್ಟೂರಿನ ಫೀಡರೂ ಇದ್ದುದರಿಂದ, ಊರಿಗೆ ಹೋದಾಗಲೆಲ್ಲ ಅಮ್ಮ ಲಾಟೀನಿನ ಗಾಜು ಒರೆಸುತ್ತಾ, ‘ನಿನ್ನ ಕೈಯಲ್ಲೇ ಇದೆಯಂತಲ್ಲೋ’ ಎನ್ನುತ್ತಿದ್ದರು.

2003ರ ಜನವರಿಯಲ್ಲಿ ದಕ್ಷಿಣದ ವಿದ್ಯುತ್ ಜಾಲಕ್ಕೆ ಹೊಸ ದರಪದ್ಧತಿ ಬಂದಿತು. ಫ್ರೀಕ್ವೆನ್ಸಿ ಕುಸಿದಿರುವಾಗ ತನ್ನ ಪಾಲಿಗಿಂತ ಹೆಚ್ಚು ಎಳೆದುಕೊಂಡ ರಾಜ್ಯ ಹೆಚ್ಚು ದರ ತೆರಬೇಕಾಯಿತು. ವರ್ಷಗಟ್ಟಲೆ ಸುತ್ತೋಲೆಗಳಿಂದ ಆಗದ ಶಿಸ್ತು ಬಿಲ್ಲಿನಿಂದ ಬಂದದ್ದನ್ನು ನಾನು ಕಣ್ಣಾರೆ ಕಂಡೆ. 2012ರ ಜುಲೈ 30 ಮತ್ತು 31ರಂದು ಉತ್ತರದ ಜಾಲ ಕುಸಿದು ಬಿದ್ದಾಗ ನಮ್ಮ ಕೊಠಡಿಯಲ್ಲಿ ದೀಪಗಳು ಉರಿಯುತ್ತಲೇ ಇದ್ದವು. ದಕ್ಷಿಣವು ಆಗ ಉಳಿದ ದೇಶದೊಂದಿಗೆ ಒಂದು ಕಡೆಯ ಫ್ರೀಕ್ವೆನ್ಸಿಯನ್ನು ಇನ್ನೊಂದು ಕಡೆಗೆ ದಾಟಿಸದ ಏಕಮುಖ ವಿದ್ಯುತ್ತಿನ (ಡಿ.ಸಿ.) ಕೊಂಡಿಗಳ ಮೂಲಕ ಮಾತ್ರ ಸೇರಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ಚಾಲೂ ಆದ ಮೇಲೆ ಇಡೀ ದೇಶಕ್ಕೆ ಒಂದೇ ಫ್ರೀಕ್ವೆನ್ಸಿ. ಪಂಜಾಬಿನಲ್ಲಿ ಭತ್ತದ ಪಂಪ್‌ಸೆಟ್‌ಗಳು ಓಡಿದರೂ ನಮ್ಮ ಮೀಟರಿನ ಮುಳ್ಳು ಅಲುಗಾಡುತ್ತದೆ.

ಕೊರತೆ ಕಡಿಮೆಯಾದಂತೆ ನನ್ನ ಕೆಲಸ ಸುಲಭವಾದೀತೆಂದುಕೊಂಡಿದ್ದೆ. ಪಾವಗಡದಲ್ಲಿ ಸುಮಾರು 13,000 ಎಕರೆ ಗುತ್ತಿಗೆ ಜಮೀನಿನಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಎದ್ದು ನಿಂತ ಮೇಲೆ ಸಂಜೆಯ ಕಷ್ಟ ಬೇರೆ ರೂಪದಲ್ಲಿ ಬಂದು ಕೂತಿತು. ಒಂದು ಫೆಬ್ರವರಿಯಲ್ಲಿ, ಮಧ್ಯಾಹ್ನ ಬಿಸಿಲಿನ ವಿದ್ಯುತ್ ಸಾಕಷ್ಟಿದೆಯೆಂದು ಉಷ್ಣ ಸ್ಥಾವರದ ಒಂದು ಘಟಕವನ್ನು ಪೂರ್ತಿ ನಿಲ್ಲಿಸಲು ನಾನೇ ಸೂಚಿಸಿದೆ. ಐದೂವರೆಯ ಹೊತ್ತಿಗೆ ಸೌರ ಇಳಿಯಿತು. ನೆಚ್ಚಿಕೊಂಡಿದ್ದ ಗಾಳಿ ಬೀಸಲಿಲ್ಲ. ನಿಲ್ಲಿಸಿದ ಘಟಕಕ್ಕೋ ಮತ್ತೆ ಕಾದು ಜಾಲಕ್ಕೆ ಸೇರಲು ಗಂಟೆಗಟ್ಟಲೆ ಬೇಕು. ಹತ್ತು ವರ್ಷಗಳ ನಂತರ ಮತ್ತೆ ಫೋನೆತ್ತಿ ‘ಫೀಡರ್ ತೆಗೆಯಿರಿ’ ಎನ್ನಬೇಕಾಯಿತು. ಆ ಕಡೆಯ ಆಪರೇಟರ್ ಹೊಸ ಹುಡುಗ, ‘ಯಾಕೆ ಸಾರ್?’ ಎಂದು ಕೇಳಿದ. ಹಳಬರು ಯಾರೂ ಹಾಗೆ ಕೇಳುತ್ತಿರಲಿಲ್ಲ.

ಆಮೇಲೆ ನಾನು ದಿನದ ಲೆಕ್ಕವನ್ನು ತಿರುವುಮುರುವು ಮಾಡಿಕೊಂಡೆ. ದಿನವನ್ನು ಹದಿನೈದು ನಿಮಿಷದ 96 ತುಂಡುಗಳಾಗಿ ಹೊಂದಿಸುವ ವೇಳಾಪಟ್ಟಿಯನ್ನು ಬೆಳಗಿನಿಂದ ಬರೆಯುವ ಬದಲು, ಸಂಜೆ ಆರರಿಂದ ಹತ್ತರವರೆಗಿನ ತುಂಡುಗಳನ್ನು ಮೊದಲು ತುಂಬಿಸಿ, ಅಲ್ಲಿಂದ ಹಿಂದಕ್ಕೆ ಬರುತ್ತಿದ್ದೆ. ಗಾಳಿಯ ಮುನ್ಸೂಚನೆಯಲ್ಲಿ ಅರ್ಧವನ್ನಷ್ಟೇ ನಂಬಿದೆ. ಉಷ್ಣ ಘಟಕಗಳನ್ನು ಮಧ್ಯಾಹ್ನ ನಿಲ್ಲಿಸದೆ ಕನಿಷ್ಠ ಹೊರೆಯಲ್ಲಿ ಉರಿಸಿಟ್ಟೆ. ಇದರಿಂದ ಕಲ್ಲಿದ್ದಲು ಕೊಂಚ ದಂಡವಾಗುತ್ತದೆಂಬ ಆಕ್ಷೇಪ ಬಂತು, ಅದು ನಿಜವೂ ಹೌದು. ಶರಾವತಿಯ ಹತ್ತು ಯಂತ್ರಗಳನ್ನು, ತಲಾ 103.5 ಮೆಗಾವಾಟ್, ಹಗಲು ಆದಷ್ಟೂ ಮುಟ್ಟದೆ ಸಂಜೆಗೆಂದು ಕಾಯ್ದಿರಿಸಿದೆ. ನಿಂತಿರುವ ಜಲಯಂತ್ರ ಕೆಲವೇ ನಿಮಿಷಗಳಲ್ಲಿ ಹೊರೆ ಹೊರುತ್ತದೆ. ಅಷ್ಟು ಬೇಗ ಓಗೊಡುವ ಸ್ಥಾವರಗಳಲ್ಲಿ ನಮ್ಮಲ್ಲಿ ಅದೇ ಅತಿ ದೊಡ್ಡದು.

ದೇಶದ ಮಟ್ಟದಲ್ಲೂ ಇದೇ ಗಂಟು. 2024ರ ಮೇ 30ರಂದು 2,50,000 ಮೆಗಾವಾಟ್ ಬೇಡಿಕೆಯನ್ನು ಜಾಲ ತಾಳಿಕೊಂಡಿತು. 2025ರ ಮಧ್ಯಭಾಗಕ್ಕೆ ಸ್ಥಾಪಿತ ಸಾಮರ್ಥ್ಯದ ಅರ್ಧದಷ್ಟು ಕಲ್ಲಿದ್ದಲು, ಅನಿಲಗಳಿಲ್ಲದ ಮೂಲಗಳದ್ದಾಯಿತು. ಆದರೆ ಸ್ಥಾಪಿತ ಸಾಮರ್ಥ್ಯ ಒಂದು, ಉತ್ಪಾದನೆಯಾದ ಯೂನಿಟ್ ಇನ್ನೊಂದು. ಯೂನಿಟ್‌ಗಳ ಲೆಕ್ಕದಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಈಗಲೂ ಕಲ್ಲಿದ್ದಲಿನದ್ದೇ. 2030ಕ್ಕೆ ಕಲ್ಲಿದ್ದಲು, ಅನಿಲಗಳಿಲ್ಲದ ಮೂಲಗಳಿಂದ 5,00,000 ಮೆಗಾವಾಟ್ ಎಂಬ ಗುರಿಯನ್ನು ಫಲಕಗಳ ಮಟ್ಟಿಗೆ ಮುಟ್ಟಬಹುದೆಂದೇ ನನ್ನ ಅಂದಾಜು. ಅದರ ಜೊತೆಗೆ ಮಧ್ಯಾಹ್ನದ ವಿದ್ಯುತ್ತನ್ನು ರಾತ್ರಿಗೆ ದಾಟಿಸುವ ಬ್ಯಾಟರಿಗಳೂ, ಮಧ್ಯಾಹ್ನ ನೀರನ್ನು ಮೇಲಕ್ಕೆತ್ತಿ ರಾತ್ರಿ ಕೆಳಗೆ ಹರಿಸಿ ವಿದ್ಯುತ್ ತೆಗೆಯುವ ಸ್ಥಾವರಗಳೂ ಅಷ್ಟೇ ವೇಗದಲ್ಲಿ ಬರಬೇಕು. ಶರಾವತಿ ಕಣಿವೆಯಲ್ಲಿ ಯೋಜಿಸಿರುವ 2,000 ಮೆಗಾವಾಟಿನ ಅಂಥ ಸ್ಥಾವರ ಸಿಂಗಳೀಕಗಳ ಅಭಯಾರಣ್ಯಕ್ಕೇ ತಗಲುತ್ತದೆ. ಸಂಜೆಯ ಪಾಳಿಯಲ್ಲಿ ಕೂತವನಾಗಿ ಅದು ಬೇಕೆನ್ನಿಸುತ್ತದೆ. ಆ ಕಾಡನ್ನು ನಡೆದು ನೋಡಿದವನಾಗಿ, ಪಾವಗಡದ ಫಲಕಗಳ ಪಕ್ಕದಲ್ಲೇ ಬ್ಯಾಟರಿಗಳನ್ನು ಮೊದಲು ಇಟ್ಟು ನೋಡಲಿ ಎಂದು ಹೇಳುತ್ತೇನೆ.