ರೂಟ್ ಕೆನಾಲ್ ಬೇಕೋ ಬೇಡವೋ: ಒಂದೇ ಹಲ್ಲು, ಎರಡು ಮಾತು

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮನೆ ಹತ್ತಿರದ ಡೆಂಟಿಸ್ಟ್ ಎಕ್ಸ್‌ರೇ ತೋರಿಸಿ, "ಮ್ಯಾಡಮ್, ರೂಟ್ ಕೆನಾಲ್ ಮಾಡಲೇಬೇಕು, ಆಮೇಲೆ ಕ್ಯಾಪ್" ಎಂದರು. ಮಾಟುಂಗಾದಲ್ಲಿರುವ ನಮ್ಮ ಊರ ಕಡೆಯ ಹಿರಿಯ ಡಾಕ್ಟರು ಅದೇ ಎಕ್ಸ್‌ರೇ ನೋಡಿ, "ಸುಮ್ನೆ ಯಾಕೆ ನರ ತೆಗೆಸ್ತೀಯ ತಂಗಿ? ಹಳೇ ಫಿಲ್ಲಿಂಗ್ ಬದಲಾಯಿಸಿದ್ರೆ ಸಾಕು" ಎಂದರು. ಇಬ್ಬರಿಗೂ ಒಳ್ಳೆ ಹೆಸರಿದೆ. ಇಬ್ಬರ ಮೇಲೂ ನನಗೆ ಅನುಮಾನವಿರಲಿಲ್ಲ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ನಮ್ಮನೆಯವರು "ಮಾಡಿಸಿ ಮುಗಿಸಿಬಿಡು" ಅಂದರು. ಹೊನ್ನಾವರದಿಂದ ಅಮ್ಮ ಫೋನಿನಲ್ಲೇ ಲವಂಗ ಕಚ್ಚಿಕೊಳ್ಳಲು ಹೇಳಿದರು. ಅಕ್ಕನದು ಚುನಾವಣೆಯ ಲೆಕ್ಕ: ಇನ್ನೊಬ್ಬ ಡಾಕ್ಟರ ಹತ್ತಿರ ಹೋಗು, ಎರಡು ವೋಟು ಯಾವ ಕಡೆ ಬೀಳುತ್ತೋ ಅದನ್ನೇ ಮಾಡು. ನನಗೆ ಅದು ಸರಿ ಕಾಣಲಿಲ್ಲ. ನಾನು ಆಡಿಟ್ ಕೆಲಸದವಳು. ಎರಡು ಲೆಕ್ಕ ತಾಳೆಯಾಗದಿದ್ದಾಗ ನಾವು ಮೂರನೇ ಲೆಕ್ಕ ಬರೆಸುವುದಿಲ್ಲ, ವೋಚರ್ ತೋರಿಸಿ ಅನ್ನುತ್ತೇವೆ. ಇಲ್ಲೂ ಅದನ್ನೇ ಮಾಡಿದೆ. ನೀವು ಹೇಳುತ್ತಿರುವುದು ಯಾವ ಪರೀಕ್ಷೆಯ ಮೇಲೆ ಎಂದು ಇಬ್ಬರನ್ನೂ ಕೇಳಿದೆ.

ಅದಕ್ಕೂ ಮೊದಲು ಹಲ್ಲಿನ ವಿಷಯ ಹೇಳಿಬಿಡುತ್ತೇನೆ. ಎಡಗಡೆ ಕೆಳಗಿನ ದೊಡ್ಡ ದವಡೆ ಹಲ್ಲು. ಕೇಸ್ ಪೇಪರಿನಲ್ಲಿ ಇದನ್ನು 36 ಎಂದು ಬರೆಯುತ್ತಾರೆ. 3 ಅಂದರೆ ಕೆಳಗಿನ ಎಡಭಾಗ, 6 ಅಂದರೆ ಮುಂದಿನ ಮಧ್ಯದಿಂದ ಎಣಿಸಿದರೆ ಆರನೆಯದು. ಕಾಲೇಜಿನಲ್ಲಿದ್ದಾಗ ಹಾಕಿಸಿದ ಬೆಳ್ಳಿ ಬಣ್ಣದ ಫಿಲ್ಲಿಂಗ್ ಅದರಲ್ಲಿ ಇನ್ನೂ ಇತ್ತು. ಫ್ರಿಜ್ಜಿನ ಮಜ್ಜಿಗೆ ಕುಡಿದರೆ ಹಲ್ಲು ಜುಮ್ ಅನ್ನುತ್ತಿತ್ತು, ಲೋಟ ಕೆಳಗಿಡುವಷ್ಟರಲ್ಲಿ ಹೋಗುತ್ತಿತ್ತು. ಚಕ್ಕುಲಿ ಕಡಿದಾಗ ಮಾತ್ರ ಒಮ್ಮೊಮ್ಮೆ ಸೂಜಿ ಚುಚ್ಚಿದ ಹಾಗೆ ಆಗುತ್ತಿತ್ತು. ರಾತ್ರಿ ನೋವಿಲ್ಲ, ಬಿಸಿ ಚಹಾಕ್ಕೆ ತೊಂದರೆಯಿಲ್ಲ, ಬಾವು ಇಲ್ಲ.

ಬಾವು, ಜ್ವರ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟ, ಇವುಗಳಲ್ಲಿ ಯಾವುದೇ ಒಂದಿದ್ದರೂ ನಾನು ಮುಂದೆ ಬರೆಯುವ ವಿಚಾರಣೆಗೆಲ್ಲ ಸಮಯವಿಲ್ಲ. ಆಗ ಹತ್ತಿರ ಯಾರಿದ್ದಾರೋ ಅವರ ಹತ್ತಿರ ಅವತ್ತೇ ಹೋಗಬೇಕು.

ಡೊಂಬಿವಲಿಯ ಡಾಕ್ಟರು ಬೇಜಾರು ಮಾಡಿಕೊಳ್ಳದೆ ಉತ್ತರ ಕೊಟ್ಟರು. ಎಕ್ಸ್‌ರೇಯಲ್ಲಿ ಫಿಲ್ಲಿಂಗ್ ಕೆಳಗೆ ಕಪ್ಪು ನೆರಳಿದೆ, ಅದು ನರದ ತೀರಾ ಹತ್ತಿರ ಹೋಗಿದೆ, ಹುಳುಕು ತೆಗೆಯುವಾಗ ನರ ತೆರೆದುಕೊಳ್ಳುತ್ತದೆ, ಹಾಗಾಗಿ ಮೊದಲೇ ಮಾಡುವುದು ಒಳ್ಳೆಯದು. ಮಾಟುಂಗಾದವರ ಕಾರಣ ಬೇರೆ. ಕನ್ನಡಿಯ ಹಿಡಿಯಿಂದ ಹಲ್ಲನ್ನು ತಟ್ಟಿದ್ದರು, ನೋಯಲಿಲ್ಲ. ರಾತ್ರಿ ನೋವಿಲ್ಲ ಅಂತ ನಾನೇ ಹೇಳಿದ್ದೆ. ಅಲ್ಲಿಗೆ ಅವರಿಗೆ ಸಾಕಾಗಿತ್ತು.

ಇಬ್ಬರೂ ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು ನೋಡಿದಾಗ ಒಂದು ಜಾಗ ಖಾಲಿ ಕಂಡಿತು. ಒಳಗಿನ ತಿರುಳು (ನಾವು ಸುಮ್ಮನೆ ನರ ಅನ್ನುವುದು ಇದನ್ನೇ) ಜೀವಂತವಾಗಿದೆಯೇ, ಆರೋಗ್ಯವಾಗಿದೆಯೇ ಎಂದು ಹಲ್ಲನ್ನೇ ನೇರವಾಗಿ ಕೇಳುವ ಪರೀಕ್ಷೆಯನ್ನು ಇಬ್ಬರೂ ಮಾಡಿರಲಿಲ್ಲ. ಚಕ್ಕುಲಿಯ ನೋವಿಗೂ ಇಬ್ಬರ ಮಾತಿನಲ್ಲೂ ಉತ್ತರವಿರಲಿಲ್ಲ.

ಎಕ್ಸ್‌ರೇ ಬಗ್ಗೆ ಎರಡು ಮಾತು. ಅದು ಮೂರು ಆಯಾಮದ ಹಲ್ಲನ್ನು ಚಪ್ಪಟೆ ಮಾಡಿ ತೋರಿಸುತ್ತದೆ. ಕೆನ್ನೆ ಕಡೆಗಿರುವ ಹುಳುಕು ಕೂಡ ನರದ ಮೇಲೇ ಕೂತ ಹಾಗೆ ಕಾಣಬಹುದು. ಸ್ವಲ್ಪ ಕೋನ ಬದಲಿಸಿ ತೆಗೆದರೆ ಅದೇ ನೆರಳು ದೂರ ಸರಿಯಬಹುದು. ಇನ್ನೊಂದು ಕಡೆಯಿಂದಲೂ ಅದು ಮೋಸ ಮಾಡುತ್ತದೆ: ಬೇರಿನ ತುದಿಯಲ್ಲಿ ಸೋಂಕಿದ್ದರೂ ಮೂಳೆಯ ಖನಿಜ ಸಾಕಷ್ಟು ಕರಗುವ ತನಕ ಚಿತ್ರದಲ್ಲಿ ಏನೂ ಕಾಣುವುದಿಲ್ಲ. ಸಾಮಾನ್ಯವಾಗಿ ಹೇಳುವ ಲೆಕ್ಕ ಶೇಕಡ 30ರಿಂದ 50. ಅಂದರೆ ಎಕ್ಸ್‌ರೇ ಚೆನ್ನಾಗಿದೆ ಅಂತ ನಿಶ್ಚಿಂತೆಯಾಗಿರುವ ಹಾಗೂ ಇಲ್ಲ, ಕಪ್ಪು ಕಂಡಿತು ಅಂತ ನರ ಸತ್ತಿದೆ ಅನ್ನುವ ಹಾಗೂ ಇಲ್ಲ. ಅಂದ ಹಾಗೆ, ಎಕ್ಸ್‌ರೇ ಕೇಳುವಾಗ ಕಂಪ್ಯೂಟರ್ ಪರದೆಯ ಫೋಟೋ ತೆಗೆದುಕೊಳ್ಳಬೇಡಿ. ಮೂಲ ಫೈಲನ್ನೇ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನಿ. ನನಗೆ ಕೊಟ್ಟ ಮೊದಲ ಫೋಟೋದಲ್ಲಿ ಹಲ್ಲಿಗಿಂತ ಟ್ಯೂಬ್‌ಲೈಟಿನ ಪ್ರತಿಬಿಂಬವೇ ಜಾಸ್ತಿ ಇತ್ತು.

ನನ್ನ ಆಫೀಸು ದಕ್ಷಿಣ ಮುಂಬೈಯ ಫೋರ್ಟಿನಲ್ಲಿ. ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲೇ ಸರ್ಕಾರಿ ಡೆಂಟಲ್ ಕಾಲೇಜಿದೆ. ಖಾಸಗಿ ರೂಟ್ ಕೆನಾಲ್ ತಜ್ಞರ ಹತ್ತಿರವೂ ಹೋಗಬಹುದಿತ್ತು. ನಾನು ಕಾಲೇಜನ್ನೇ ಆರಿಸಿಕೊಂಡೆ. ಅಲ್ಲಿ ಪಿಜಿ ವಿದ್ಯಾರ್ಥಿ ಕೇಸ್ ಶೀಟ್ ತುಂಬಿಸಬೇಕು, ಸರ್‌ಗೆ ತೋರಿಸಬೇಕು. ಒಂದು ಕಾಲಂ ಖಾಲಿ ಬಿಟ್ಟರೆ ಬೈಸಿಕೊಳ್ಳಬೇಕು. ಹಾಗಾಗಿ ಪರೀಕ್ಷೆ ತಪ್ಪುವುದಿಲ್ಲ ಎಂಬುದು ನನ್ನ ಲೆಕ್ಕ. ಬದಲಿಗೆ ಕಾಯಬೇಕು. ಕೇಸ್ ಪೇಪರ್ ಸಾಲು, ಎಕ್ಸ್‌ರೇ ಸಾಲು, ಮತ್ತೆ ವಿಭಾಗದ ಮುಂದೆ ಬೆಂಚು. ಅರ್ಧ ದಿನ ರಜೆ ಹಾಕಿಯೇ ಹೋಗಿ. ಪೇನ್‌ಕಿಲ್ಲರ್ ತಗೊಂಡು ಹೋಗಬೇಡಿ, ನೋವು ಮುಚ್ಚಿಹೋದರೆ ಪರೀಕ್ಷೆಗೆ ಅರ್ಥವಿಲ್ಲ.

ಪರೀಕ್ಷಿಸಿದ ಹುಡುಗಿ ಮೊದಲು ಮುಟ್ಟಿದ್ದು ನನ್ನ ನೋವಿನ ಹಲ್ಲನ್ನಲ್ಲ. ಬಲಗಡೆಯ ಅದೇ ಹಲ್ಲು, ಆಮೇಲೆ ಎಡಗಡೆ ಪಕ್ಕದ ಹಲ್ಲು. ನನ್ನ ಒಳ್ಳೆಯ ಹಲ್ಲಿಗೆ ತಣ್ಣಗೆ ಅನ್ನಿಸುವುದು ಸಾಮಾನ್ಯವಾಗಿ ಹೇಗಿರುತ್ತದೆ ಎಂದು ತಿಳಿಯದೆ ಕೆಟ್ಟ ಹಲ್ಲನ್ನು ಅಳೆಯುವುದು ಹೇಗೆ, ಅಲ್ವಾ? ಹತ್ತಿಯಿಂದ ಹಲ್ಲು ಒರೆಸಿದಳು. ಇಕ್ಕಳದಲ್ಲಿ ಪುಟ್ಟ ಹತ್ತಿ ಉಂಡೆ ಹಿಡಿದು ಅದಕ್ಕೆ ಸ್ಪ್ರೇ ಹೊಡೆದಳು. ಉಂಡೆಯ ಮೇಲೆ ಬಿಳಿ ಮಂಜು ಕಟ್ಟಿತು. ಅದನ್ನು ಹಲ್ಲಿನ ಕೆನ್ನೆ ಬದಿಗೆ, ಫಿಲ್ಲಿಂಗಿಗೆ ತಾಗದ ಹಾಗೆ, ಇಟ್ಟಳು. "ಥಂಡ್ ಲಾಗ್ಲ ಕೀ ಹಾತ್ ವರ್ ಕರಾ" ಎಂದಳು: ತಣ್ಣಗೆ ಅನ್ನಿಸಿದ ಕೂಡಲೇ ಕೈ ಎತ್ತಿ, ಪೂರ್ತಿ ಹೋದ ಮೇಲೆ ಇಳಿಸಿ. ಒಳ್ಳೆಯ ಹಲ್ಲುಗಳಲ್ಲಿ ಕೈ ಎತ್ತಿದೆ, ಉಂಡೆ ತೆಗೆದ ಕೂಡಲೇ ಇಳಿಸಿದೆ. 36ರಲ್ಲಿ ಕೈ ಬೇಗ ಮೇಲೆ ಹೋಯಿತು, ಜುಮ್ ಜೋರಾಗಿತ್ತು. ಆದರೆ ಉಂಡೆ ತೆಗೆದ ಮೇಲೆ ಕೆಲವೇ ಸೆಕೆಂಡಿನಲ್ಲಿ ಮಾಯ.

ಇಡೀ ಪ್ರಶ್ನೆ ನಿಂತಿರುವುದೇ ಆ ಸೆಕೆಂಡುಗಳ ಮೇಲೆ. ಜೋರಾಗಿ ಬಂದು ಬೇಗ ಹೋದರೆ ತಿರುಳು ಕೆರಳಿದೆ, ಕಾರಣ ತೆಗೆದರೆ ಸುಧಾರಿಸಬಹುದು. ತಣ್ಣನೆಯದು ತೆಗೆದ ಮೇಲೂ ನೋವು ಅರ್ಧ ನಿಮಿಷ, ಅದಕ್ಕೂ ಜಾಸ್ತಿ ಉಳಿದರೆ, ತಾನಾಗಿಯೇ ನೋವು ಶುರುವಾದರೆ, ಮಲಗಿದಾಗ ಹೆಚ್ಚಾದರೆ ಅದು ತಿರುಳು ಸುಧಾರಿಸಲಾರದ, ಹಿಂದಿರುಗದ ಹಂತ. ಏನೂ ಅನ್ನಿಸದಿದ್ದರೆ ತಿರುಳು ಸತ್ತಿರುವ ಸಾಧ್ಯತೆ ಜಾಸ್ತಿ.

ಈ ಕೊನೆಯದಕ್ಕೆ ನಮ್ಮ ಮನೆಯಲ್ಲೇ ಉದಾಹರಣೆ ಇದೆ. ನಮ್ಮ ಭಾವನಿಗೆ ಹಲ್ಲುನೋವಿನಿಂದ ನಿದ್ದೆಯೇ ಇರಲಿಲ್ಲ, ಬಿಸಿ ಚಹಾ ಬಾಯಿಗೆ ಹಾಕಿದರೆ ಕಣ್ಣಲ್ಲಿ ನೀರು. ಆಮೇಲೆ ಒಂದು ದಿನ ನೋವು ತಾನಾಗಿಯೇ ನಿಂತಿತು. ಅಕ್ಕ ದೇವರಿಗೆ ಕಾಯಿ ಒಡೆಸಿದಳು. ನಿಂತಿದ್ದು ನರ ಸತ್ತಿದ್ದಕ್ಕೆ. ಕೆಲವು ತಿಂಗಳ ಮೇಲೆ ಒಸಡಿನಲ್ಲಿ ಕೀವಿನ ಗುಳ್ಳೆ ಎದ್ದಿತು. ಅವರಿಗೆ ರೂಟ್ ಕೆನಾಲ್ ಬಿಟ್ಟು ಬೇರೆ ದಾರಿಯಿರಲಿಲ್ಲ, ಹಲ್ಲು ಕೀಳಿಸುವುದೊಂದನ್ನು ಬಿಟ್ಟರೆ. ಹಾಗಾಗಿ ನಾನು ರೂಟ್ ಕೆನಾಲ್ ವಿರೋಧಿ ಅಲ್ಲವೇ ಅಲ್ಲ. ಬೇಕಾದಾಗ ಅದು ಹಲ್ಲು ಉಳಿಸುತ್ತದೆ. ಬೇಡದಾಗ ಮಾಡಿಸಿದರೆ ತೆಗೆದ ತಿರುಳನ್ನು ಯಾರೂ ವಾಪಸ್ ಹಾಕುವುದಿಲ್ಲ.

ಮುಂದೆ ಹುಡುಗಿ ಹಲ್ಲನ್ನು ತಟ್ಟಿದಳು, ಒಸಡನ್ನು ಬೆರಳಿನಿಂದ ಒತ್ತಿದಳು, ಗೆರೆ ಹಾಕಿದ ಸಣ್ಣ ಕಡ್ಡಿಯನ್ನು ಒಸಡಿನ ಅಂಚಿನಲ್ಲಿ ಇಳಿಸಿ ಸುತ್ತಲೂ ಅಳೆದಳು. ಎಲ್ಲ ಕಡೆ 2, 3 ಮಿಲಿಮೀಟರ್. ಒಂದೇ ಜಾಗದಲ್ಲಿ ಕಿರಿದಾಗಿ ಆಳಕ್ಕೆ ಇಳಿದರೆ ಬಿರುಕು ಬೇರಿನ ತನಕ ಹೋಗಿದೆ ಅಂತ ಅನುಮಾನ ಪಡುತ್ತಾರಂತೆ. ಬಿರುಕು ಅನ್ನುವ ಮಾತು ನಾನು ಮೊದಲು ಕೇಳಿದ್ದು ಅಲ್ಲೇ.

ಆಮೇಲೆ ತುದಿಯಲ್ಲಿ ಚಿಕ್ಕ ಗುಳಿಯಿರುವ ಪ್ಲಾಸ್ಟಿಕ್ ಕಡ್ಡಿ ಬಂತು. ದವಡೆ ಹಲ್ಲಿನ ಒಂದೊಂದು ದಿಬ್ಬದ ಮೇಲೂ ಅದನ್ನಿಟ್ಟು ಕಚ್ಚಿಸಿದಳು. ಮುಂದಿನವುಗಳಲ್ಲಿ ಏನೂ ಇಲ್ಲ. ಹಿಂದಿನ ನಾಲಿಗೆ ಬದಿಯ ದಿಬ್ಬದ ಮೇಲೆ ಕಚ್ಚಿದಾಗಲೂ ಏನೂ ಇಲ್ಲ, ಬಾಯಿ ಬಿಟ್ಟ ಕ್ಷಣ ಚುಚ್ಚಿತು. ಅದೇ ಚಕ್ಕುಲಿಯ ನೋವು! ಕಚ್ಚುವಾಗ ಅಲ್ಲದೆ ಬಿಡುವಾಗ ನೋಯುವುದು ಬಿರುಕು ಬಿಟ್ಟ ಹಲ್ಲಿನ ಲಕ್ಷಣ. ಕಚ್ಚಿದಾಗ ತುಸುವೇ ತೆರೆದ ಬಿರುಕು ಬಿಟ್ಟಾಗ ಮುಚ್ಚಿಕೊಳ್ಳುತ್ತದೆ, ಒಳಗಿನ ದ್ರವ ಅಲುಗಾಡಿ ನರಕ್ಕೆ ತಾಗುತ್ತದೆ. ಎಕ್ಸ್‌ರೇಯಲ್ಲಿ ಇಂಥ ಬಿರುಕು ಸಾಮಾನ್ಯವಾಗಿ ಕಾಣುವುದೇ ಇಲ್ಲ.

ಸರ್ ಬಂದರು. ಶೀಟ್ ಓದಿದರು. ಕಚ್ಚುವ ಪರೀಕ್ಷೆಯನ್ನು ತಾವೇ ಮತ್ತೊಮ್ಮೆ ಮಾಡಿ ನೋಡಿದರು. ಸದ್ಯಕ್ಕೆ ತಿರುಳು ಉಳಿಯುವಂತಿದೆ, ಫಿಲ್ಲಿಂಗ್ ತೆಗೆದು ಒಳಗೆ ನೋಡದೆ ಕೊನೆಯ ಮಾತು ಹೇಳುವುದಿಲ್ಲ ಎಂದರು. ಆ "ಸದ್ಯಕ್ಕೆ" ನನಗೆ ಇಷ್ಟವಾಯಿತು.

ಡೊಂಬಿವಲಿಯವರ ಭಯವನ್ನು ಅವರ ಮುಂದಿಟ್ಟೆ. ಹುಳುಕು ತೆಗೆಯುವಾಗ ನರ ತೆರೆದುಕೊಂಡರೆ? ಅವರ ಉತ್ತರದಲ್ಲಿ ಡಾಕ್ಟರುಗಳ ನಡುವಿನ ಜಗಳದ ಅರ್ಧ ಕಾರಣ ಸಿಕ್ಕಿತು. ಮೊದಲೆಲ್ಲ ಹುಳುಕನ್ನು ತಳದ ತನಕ, ಗಟ್ಟಿ ಹಲ್ಲು ಸಿಗುವ ತನಕ ಕೆರೆಯಬೇಕು ಎಂದು ಕಲಿಸುತ್ತಿದ್ದರು. ಈಗ ತಿರುಳು ಆರೋಗ್ಯವಾಗಿದ್ದರೆ, ಅಂಚುಗಳನ್ನು ಪೂರ್ತಿ ಸ್ವಚ್ಛ ಮಾಡಿ, ನರದ ಮೇಲಿನ ತೆಳು ಪದರವನ್ನು ಬಿಟ್ಟು ಬಿಗಿಯಾಗಿ ಮುಚ್ಚುತ್ತಾರೆ. ತೆರೆದುಕೊಂಡರೂ ಎಲ್ಲ ಸಲ ಪೂರ್ತಿ ರೂಟ್ ಕೆನಾಲ್ ಆಗಬೇಕಿಲ್ಲ. 1990ರ ದಶಕದಲ್ಲಿ ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಮೆಹಮೂದ್ ತೊರಾಬಿನೆಜಾದ್ ಅವರ ತಂಡ ಎಂಟಿಎ ಎಂಬ ಸಿಮೆಂಟ್ ತಂದ ಮೇಲೆ, ಮೇಲಿನ ತಿರುಳಷ್ಟೇ ತೆಗೆದು ಅದರಿಂದ ಮುಚ್ಚುವ ದಾರಿ ಗಟ್ಟಿಯಾಯಿತು. ಹಾಗಾಗಿ ಇಬ್ಬರು ಡಾಕ್ಟರುಗಳು ಬೇರೆ ಬೇರೆ ಹೇಳಿದರೆ ಒಬ್ಬರು ಕಳ್ಳರು ಎಂದೇ ಅಲ್ಲ. ಬೇರೆ ಬೇರೆ ವರ್ಷಗಳಲ್ಲಿ ಓದಿರಬಹುದು.

ದುಡ್ಡಿನ ಕೋನ ಇಲ್ಲವೇ ಇಲ್ಲ ಅಂತಲೂ ನಾನು ಹೇಳುವುದಿಲ್ಲ. ಮುಂಬೈಯ ಎಷ್ಟೋ ಕ್ಲಿನಿಕ್‌ಗಳಲ್ಲಿ ರೂಟ್ ಕೆನಾಲ್ ಮಾಡುವವರು ಹೊರಗಿನಿಂದ ಗೊತ್ತಾದ ದಿನ ಬರುವ ತಜ್ಞರು. ಅಂಥ ಕಡೆ, ತಜ್ಞರು ಹಲ್ಲು ಕೊರೆಯುವ ಮೊದಲು ತಾವೇ ಪರೀಕ್ಷೆ ಮಾಡುತ್ತಾರಾ ಎಂದು ಕೇಳಿಕೊಳ್ಳಿ. ಇಲ್ಲದಿದ್ದರೆ ನಿರ್ಧಾರ ಒಬ್ಬರದು, ಕೈ ಇನ್ನೊಬ್ಬರದು ಆಗುತ್ತದೆ. ನನಗೆ ಮೊದಲು ಬರೆದುಕೊಟ್ಟಿದ್ದ ಆಂಟಿಬಯಾಟಿಕ್ ಬಗ್ಗೆಯೂ ಕಾಲೇಜಿನ ಸರ್ ಹತ್ತಿರ ಕೇಳಿದೆ. ಬಾವು ಜ್ವರ ಇಲ್ಲದ ನರದ ನೋವಿಗೆ ಅದು ಬೇಡ ಎಂದರು. ಅಮೆರಿಕದ ಡೆಂಟಲ್ ಅಸೋಸಿಯೇಷನ್ 2019ರಲ್ಲಿ ಕೊಟ್ಟ ಸಲಹೆಯೂ ಹೆಚ್ಚುಕಡಿಮೆ ಇದೇ.

ಹಳೇ ಫಿಲ್ಲಿಂಗ್ ತೆಗೆದಾಗ ಕೆಳಗೆ ಹುಳುಕಿತ್ತು, ಆದರೆ ನರದ ತನಕ ಹೋಗಿರಲಿಲ್ಲ. ಬಿರುಕು ಕಾಣಲೆಂದು ನೀಲಿ ಬಣ್ಣ ಹಚ್ಚಿ ತೊಳೆದು ನನ್ನ ಫೋನಿನಲ್ಲೇ ಫೋಟೋ ತೆಗೆದು ತೋರಿಸಿದರು. ಹಿಂದಿನ ಅಂಚಿನಲ್ಲಿ ಕೂದಲೆಳೆಯಷ್ಟು ನೀಲಿ ಗೆರೆ ಉಳಿದಿತ್ತು, ತಳಕ್ಕೆ ಇಳಿಯುವ ಮೊದಲೇ ನಿಂತಿತ್ತು. ಅಂದರೆ ಬರೀ ಫಿಲ್ಲಿಂಗ್ ಬದಲಾಯಿಸಿದ್ದರೂ ಸಾಲುತ್ತಿರಲಿಲ್ಲ, ಬಿರುಕು ಮುಂದುವರಿಯುತ್ತಿತ್ತು. ಹೊಸ ಫಿಲ್ಲಿಂಗ್ ಹಾಕಿ, ಹಲ್ಲನ್ನು ಬಿಗಿಯಾಗಿ ಹಿಡಿದಿಡಲು ತಾತ್ಕಾಲಿಕ ಕ್ಯಾಪ್ ಹಾಕಿ, ಕೆಲವು ವಾರ ಕಾಯಲು ಹೇಳಿದರು.

ಕಾಯುವ ಮೊದಲು ಒಂದು ಪ್ರಶ್ನೆ ಕೇಳಿದ್ದೆ: ಏನಾದರೆ ನಿಮ್ಮ ಅಭಿಪ್ರಾಯ ಬದಲಾಗುತ್ತದೆ? ಉತ್ತರ ಸ್ಪಷ್ಟವಾಗಿತ್ತು. ಬಿಸಿಗೆ ನೋವು, ರಾತ್ರಿ ಎಚ್ಚರವಾಗುವುದು, ತಟ್ಟಿದರೆ ನೋವು, ತಣ್ಣನೆಯ ನೋವು ಉಳಿಯುವುದು. ಇವುಗಳಲ್ಲಿ ಒಂದು ಬಂದರೂ ರೂಟ್ ಕೆನಾಲ್. ಬಿರುಕು ಬಿಟ್ಟ, ಆದರೆ ತಿರುಳು ಇನ್ನೂ ಸುಧಾರಿಸುವಂತಿದ್ದ 127 ಹಲ್ಲುಗಳಿಗೆ ಕ್ಯಾಪ್ ಹಾಕಿ ನೋಡಿದ ಅಧ್ಯಯನ 2007ರಲ್ಲಿ ಬಂದಿದೆ. ಅವುಗಳಲ್ಲಿ 27ಕ್ಕೆ ಆರು ತಿಂಗಳೊಳಗೆ ರೂಟ್ ಕೆನಾಲ್ ಬೇಕಾಯಿತು. ಐದರಲ್ಲಿ ಒಂದು. ಮಿಕ್ಕವುಗಳ ಗುಂಪಿನಲ್ಲಿ ನನ್ನ ಹಲ್ಲಿರುವ ಸಾಧ್ಯತೆ ಜಾಸ್ತಿ, ಖಾತ್ರಿಯಿಲ್ಲ. ಆ ಲೆಕ್ಕ ನನಗೆ ಒಪ್ಪಿಗೆಯಾಯಿತು.

ತಾತ್ಕಾಲಿಕ ಕ್ಯಾಪ್ ಹಾಕಿದ ಮೇಲೆ ಕಚ್ಚುವಾಗಿನ ಚುಚ್ಚು ನಿಂತಿತು. ತಣ್ಣನೆಯ ಜುಮ್ ನಿಧಾನಕ್ಕೆ ಕಡಿಮೆಯಾಯಿತು. ಕಾಯಂ ಕ್ಯಾಪನ್ನು ಡೊಂಬಿವಲಿಯ ಡಾಕ್ಟರ ಹತ್ತಿರವೇ ಹಾಕಿಸಿದೆ. ಮನೆಗೆ ಹತ್ತಿರ, ಕೆಲಸ ಚೊಕ್ಕ. ಕಾಲೇಜಿನ ಶೀಟನ್ನು ಅವರು ಪೂರ್ತಿ ಓದಿ, ಕ್ಯಾಪ್ ಅಂಟಿಸುವ ಮೊದಲು ತಾವೂ ಒಮ್ಮೆ ತಣ್ಣನೆಯ ಪರೀಕ್ಷೆ ಮಾಡಿ, ಸೆಕೆಂಡುಗಳನ್ನು ಕಾರ್ಡಿನಲ್ಲಿ ಬರೆದರು. ಕ್ಯಾಪ್ ಕೂತ ಮೇಲೆ ಆ ಪರೀಕ್ಷೆಯನ್ನು ಅಷ್ಟು ನಂಬಲಾಗುವುದಿಲ್ಲ, ಹಾಗಾಗಿ ಬರೆದಿಟ್ಟ ಅಂಕಿ ಮುಂದೆ ಬೇಕಾಗುತ್ತದೆ. ಆರು ತಿಂಗಳಿಗೆ ಮತ್ತೊಂದು ಎಕ್ಸ್‌ರೇ, ಇದೇ ಕೋನದಲ್ಲಿ, ಬೇರಿನ ತುದಿ ನೋಡಲು.