ಜಾತ್ರೆಯ ಪೇಟೆಗೆ ಹೊರಡುವ ಮುನ್ನ

ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಹೊರಡುವ ಮೊದಲು, ಬೇಕಾದ ವಸ್ತುಗಳ ಪಟ್ಟಿಯನ್ನು ಮನೆಯಲ್ಲಿಯೇ ಬರೆದುಕೊಳ್ಳಬೇಕು. ಅಡಿಕೆ ಬೆಳೆಯುವ ನಾವು ಬೆಲೆಯನ್ನು ರೂಪಾಯಿಯಲ್ಲಿ ಅಳೆಯದೆ, ಅಷ್ಟು ಹಣಕ್ಕೆ ಎಷ್ಟು ಕಿಲೋ ಚಾಲಿ (ಒಣಗಿಸಿ ಸುಲಿದ) ಅಡಿಕೆ ಮಾರಬೇಕಾಗುತ್ತದೆ, ಅದನ್ನು ಕೊಯ್ದು, ಒಣಗಿಸಿ, ಸುಲಿಯಲು ಎಷ್ಟು ದಿನ ಹಿಡಿಯಿತು ಎಂದು ಲೆಕ್ಕ ಹಾಕಿದರೆ ಅರ್ಧದಷ್ಟು ಆಸೆ ಅಂಗಡಿಯ ಎದುರಿನಲ್ಲಿಯೇ ಇಳಿಯುತ್ತದೆ. ನನಗಂತೂ ಇದಕ್ಕಿಂತ ಒಳ್ಳೆಯ ತಕ್ಕಡಿ ಸಿಕ್ಕಿಲ್ಲ. ಪೊಟ್ಟಣದ ಮೇಲಿನ ಎಂಆರ್‌ಪಿ ಎಲ್ಲ ತೆರಿಗೆಗಳನ್ನೂ ಒಳಗೊಂಡ ಗರಿಷ್ಠ ಬೆಲೆಯಾದ್ದರಿಂದ, ಅದರ ಮೇಲೆ ಜಿಎಸ್‌ಟಿ ಕೇಳಿದರೆ ಕೊಡಬೇಕಾಗಿಲ್ಲ. ಬಡ್ಡಿಯಿಲ್ಲದ ಕಂತು ಎಂಬ ಫಲಕ ಕಂಡರೆ, ಪ್ರೊಸೆಸಿಂಗ್ ಶುಲ್ಕವೆಷ್ಟು, ಪೂರ್ತಿ ನಗದು ಕೊಟ್ಟರೆ ಬೆಲೆ ಎಷ್ಟು ಇಳಿಯುತ್ತದೆ ಎಂಬೆರಡನ್ನೂ ಕೇಳಿ, ಆ ಎರಡರ ಮೊತ್ತವನ್ನೇ ಬಡ್ಡಿಯೆಂದು ತಿಳಿಯಬೇಕು. ಮಕ್ಕಳು ಕೂತು ಆಡುವ ಜಾತ್ರೆಯ ತೊಟ್ಟಿಲು, ಬಳೆ, ಬೆಂಡು-ಬತ್ತಾಸುಗಳಿಗೆ ಮಾತ್ರ ಈ ಲೆಕ್ಕ ಬೇಡ.