ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ವಿಮಾನದ ದೂರ, ಸಮಯ ಲೆಕ್ಕ ಹಾಕುವುದು ಹೇಗೆ?

ಗೋಡೆಗೆ ತೂಗುಹಾಕಿದ ಭೂಪಟದ ಮೇಲೆ ಸ್ಕೇಲ್ ಇಟ್ಟು ಈ ದೂರ ಅಳೆಯಬೇಡಿ. ಗುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸಿದಾಗ ಉತ್ತರದ ಪ್ರದೇಶಗಳು ಹಿಗ್ಗಿರುತ್ತವೆ. ಮನೆಯಲ್ಲಿ ಗ್ಲೋಬ್ ಇದ್ದರೆ ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಅದು ಚೀನಾ ದಾಟಿ, ರಷ್ಯಾದ ಈಶಾನ್ಯ ತುದಿಯಲ್ಲಿ ಸುಮಾರು 71 ಡಿಗ್ರಿ ಉತ್ತರದವರೆಗೆ ಏರಿ, ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ಅದೇ ಅತಿ ಹತ್ತಿರದ ದಾರಿ.

ನಿಖರವಾದ ಅಂಕಿ ಬೇಕಿದ್ದರೆ ಮೊಬೈಲ್‌ನ ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್ ಸಾಕು. ದೇವನಹಳ್ಳಿಯ ನಿಲ್ದಾಣ ಇರುವುದು 13.2 ಉತ್ತರ, 77.7 ಪೂರ್ವದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ 37.6 ಉತ್ತರ, 122.4 ಪಶ್ಚಿಮದಲ್ಲಿ. ಮೊದಲು ಎರಡು ಅಕ್ಷಾಂಶಗಳ ಸೈನ್ ಗುಣಿಸಿ: 0.139. ಆಮೇಲೆ ಎರಡರ ಕೊಸೈನ್ ಗುಣಿಸಿ, ಅದನ್ನು ರೇಖಾಂಶಗಳ ಅಂತರದ ಕೊಸೈನ್‌ನಿಂದ ಗುಣಿಸಿ: ಮೈನಸ್ 0.724. ಎರಡನ್ನೂ ಕೂಡಿಸಿ ವಿಲೋಮ ಕೊಸೈನ್ (cos⁻¹) ಒತ್ತಿದರೆ 125.8 ಡಿಗ್ರಿ ಬರುತ್ತದೆ. ಒಂದು ಡಿಗ್ರಿಗೆ 111.2 ಕಿ.ಮೀ.ನಂತೆ ಗುಣಿಸಿದರೆ ಸುಮಾರು 13,990 ಕಿ.ಮೀ.

ಹೆಚ್ಚಿನವರು ಎಡವುವುದು ರೇಖಾಂಶದಲ್ಲೇ. ಒಂದು ಪೂರ್ವ, ಇನ್ನೊಂದು ಪಶ್ಚಿಮವಾದ್ದರಿಂದ ಎರಡನ್ನೂ ಕೂಡಿಸಬೇಕು: 200.1. ಕಳೆದುಬಿಟ್ಟರೆ 5,200 ಕಿ.ಮೀ. ಎಂಬ ಅಸಾಧ್ಯ ಉತ್ತರ ಬರುತ್ತದೆ. ಕ್ಯಾಲ್ಕ್ಯುಲೇಟರ್ ರೇಡಿಯನ್‌ನಲ್ಲಿ (ಕೋನ ಅಳೆಯುವ ಇನ್ನೊಂದು ಮಾನ) ಇದ್ದರೂ ಲೆಕ್ಕ ಕೆಡುತ್ತದೆ, ಡಿಗ್ರಿಗೆ ಬದಲಿಸಿಕೊಳ್ಳಿ.

ಈಗ ಸಮಯ. ದೊಡ್ಡ ವಿಮಾನಗಳು ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹಾರುತ್ತವೆ. ಭಾಗಿಸಿದರೆ ಹದಿನೈದೂವರೆ ಗಂಟೆ. ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದಕ್ಕೆ ಇನ್ನರ್ಧ ಗಂಟೆ ಸೇರಿಸಿ. ಗಾಳಿಯನ್ನು ಮರೆಯುವಂತಿಲ್ಲ. ಸರಾಸರಿ ಗಂಟೆಗೆ 50 ಕಿ.ಮೀ. ವೇಗದ ಎದುರುಗಾಳಿ ಸಿಕ್ಕರೂ ಹೆಚ್ಚುಕಡಿಮೆ ಒಂದು ಗಂಟೆ ತಡ. ಮೇಲಿನ ವೇಗದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಪೈಲಟ್‌ಗಳು ಬಳಸುದಾರಿ ಹಿಡಿಯುವುದುಂಟು. 2021ರ ಜನವರಿಯಲ್ಲಿ ಈ ಮಾರ್ಗದಲ್ಲಿ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನವನ್ನು ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿಂದಲೇ ಬೆಂಗಳೂರಿಗೆ ತಂದಿತು. ಅಚ್ಚುಕಟ್ಟಾಗಿ ಧ್ರುವ ದಾಟಿ ಬಂದರೂ ದೂರ 14,365 ಕಿ.ಮೀ. ಆಗುತ್ತದೆ, ಎದುರುಗಾಳಿ ತಪ್ಪಿಸಿ ಉಳಿಸುವ ಹೊತ್ತಿನ ಮುಂದೆ ಈ ಹೆಚ್ಚುವರಿ 375 ಕಿ.ಮೀ. ದೊಡ್ಡದಲ್ಲ. ದುಬೈ ಮೂಲಕ ಹೋದರೆ ಎರಡು ಹಾರಾಟ ಸೇರಿ 15,700 ಕಿ.ಮೀ., ಜೊತೆಗೆ ಅಲ್ಲಿ ಕಾಯುವ ಹೊತ್ತು.

ಕೊನೆಗೆ ಗಡಿಯಾರ. ಚಳಿಗಾಲದಲ್ಲಿ ನಾವು ಅವರಿಗಿಂತ ಹದಿಮೂರೂವರೆ ಗಂಟೆ ಮುಂದೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಂತರ ಹನ್ನೆರಡೂವರೆ ಗಂಟೆ. ಜನವರಿಯಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ 2.30ಕ್ಕೆ ಹೊರಟು 16 ಗಂಟೆ ಹಾರಿದರೆ ಅಲ್ಲಿ ಇಳಿಯುವುದು ಅದೇ ದಿನ ಸಂಜೆ 5ಕ್ಕೆ. ಮರಳುವಾಗ ಶನಿವಾರ ರಾತ್ರಿ 8.30ಕ್ಕೆ ಹೊರಟು ಹದಿನೇಳೂವರೆ ಗಂಟೆ ಹಾರಿದರೆ ಇಲ್ಲಿ ಸೋಮವಾರ ನಸುಕಿನ 3.30. ಟಿಕೆಟ್‌ನಲ್ಲಿರುವುದು ಆಯಾ ಊರಿನ ಸಮಯ. ಕರೆದೊಯ್ಯಲು ಬರುವವರಿಗೆ ಇಳಿಯುವ ತಾರೀಖನ್ನೇ ತಿಳಿಸಿ, ಹೊರಡುವ ತಾರೀಖನ್ನಲ್ಲ.